ಭಟ್ಟರ ಎರಡನೆಯ ಕಾರ್ಡು

ಮೊನ್ನೆ ಅಹಮದಾಬಾದಿನ ನರೋಡಾದಲ್ಲಿರುವ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಹೊಸ ಸರ್ವರಿಗೆ ಡಿಸ್ಕ್ ಕಂಟ್ರೋಲರ್ ಕಾರ್ಡು ಆರಿಸಬೇಕಾಗಿತ್ತು. ಮಾದರಿಗೆಂದು ಕಳಿಸಿದ್ದ ಒಂದರ ಚೀಲ ಬಿಡಿಸಿದೆ. ಹೊಸ ಸರ್ಕ್ಯೂಟಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಭಟ್ಟರು ನೆನಪಾದರು. ನಿಮಗೆ ಮಲ್ಲಿಗೆಯಿಂದಲೋ ಅತ್ತರಿನಿಂದಲೋ ಯಾರಾದರೂ ನೆನಪಾಗುತ್ತಿರಬಹುದು. ನನ್ನ ಹಣೆಬರಹ ಇಷ್ಟು.

ಈ ಕಾರ್ಡು ಏನೆಂದು ಕೇಳುತ್ತೀರಾ? ಅಂಗೈಯಗಲದ ಹಸಿರು ಹಲಗೆ. ಸರ್ವರಿನೊಳಗಿನ ನಾಲ್ಕಾರು ಡಿಸ್ಕುಗಳನ್ನು ಒಂದಾಗಿ ದುಡಿಸುವುದು ಅದೇ. ಯಾವ ಫೈಲಿನ ಯಾವ ತುಂಡು ಯಾವ ಡಿಸ್ಕಿನಲ್ಲಿದೆ ಎಂಬುದು ಅದಕ್ಕೆ ಮಾತ್ರ ಗೊತ್ತು.

ಭಟ್ಟರು ಕುಂದಾಪುರದ ಕಡೆಯವರು. ಅಹಮದಾಬಾದಿನಲ್ಲಿ ಅಣ್ಣನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಬೇಸತ್ತು, ಅದರ ಮಹಡಿಯ ಮೇಲೆ ಕಂಪ್ಯೂಟರ್ ಅಂಗಡಿ ತೆರೆದಿದ್ದರು. ಅಪ್ಪನ ಬ್ಯಾಂಕ್ ವರ್ಗಾವಣೆಯಿಂದ ಈ ಊರಿಗೆ ಬಂದುಬಿದ್ದ ನಾನು ಅಲ್ಲಿ ಇಂಜಿನಿಯರು. ಆಗ ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಏನೂ ಇರಲಿಲ್ಲ.

ಸೂರತ್ತಿನ ಉಧ್ನಾದಲ್ಲಿ ಜಯಾಬೆನ್ ಎಂಬವರ ಸೀರೆ ಡಿಸೈನಿನ ಯುನಿಟ್ಟಿತ್ತು. ಅವರು ಇಡೀ ಜೀವಮಾನ ಕೈಯಿಂದಲೇ ಬರೆದ ಬಳ್ಳಿ, ನವಿಲು, ಮಾವಿನಕಾಯಿಗಳೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಸೇರಿದ್ದವು. ಮೂಲದ ಕಾಗದಗಳನ್ನು ಗೆದ್ದಲು ತಿಂದಿತ್ತು. ಅವರ ಸರ್ವರಿಗೆ ಕಾರ್ಡು ಆರಿಸುವ ಕೆಲಸ ನನ್ನದಾಯಿತು. ಮಾರುಕಟ್ಟೆಗೆ ಆಗತಾನೆ ಬಂದ, ಬಲು ವೇಗದ ಒಂದಕ್ಕೆ ನಾನು ಮನಸೋತೆ.

ಭಟ್ಟರು ಅದರ ಮಾದರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹೋಟೆಲಿಗೆ ಗ್ರೈಂಡರ್ ತಗೊಳ್ಳುವಾಗ ಅಣ್ಣ ಕಲ್ಲು ನೋಡುದಿಲ್ಲ ಮಾರಾಯ. ಬೆಲ್ಟು ಹರಿದ್ರೆ ಅಂಥದ್ದೇ ಇನ್ನೊಂದು ಊರಲ್ಲಿ ಸಿಗ್ತದಾ ಅಂತ ನೋಡುದು."

"ಇದು ಗ್ರೈಂಡರ್ ಅಲ್ಲ ಭಟ್ರೇ" ಎಂದೆ. ಅವರು ನಕ್ಕು ಆರ್ಡರ್ ಬರೆದುಕೊಂಡರು.

ಎರಡು ವರ್ಷ ನನ್ನ ಕಾರ್ಡು ಓಡಿದ್ದೇ ಓಡಿದ್ದು. ಮೂರನೆಯ ಬೇಸಿಗೆಯಲ್ಲಿ ಸುಟ್ಟುಹೋಯಿತು. ನಾನು ಸೂರತ್ತಿಗೆ ಧಾವಿಸಿದೆ. ಡಿಸ್ಕುಗಳೆಲ್ಲ ಗಟ್ಟಿಯಾಗಿದ್ದವು, ಆದರೆ ಅವನ್ನು ಓದುವವರಿಲ್ಲ. ಅಂಥ ಕಾರ್ಡು ಆ ಹೊತ್ತಿಗೆ ಅಂಗಡಿಗಳಿಂದಲೇ ಮಾಯವಾಗಿತ್ತು. ಬೇರೆ ಜಾತಿಯದನ್ನು ಸಿಕ್ಕಿಸಿದರೆ ಅದು ಡಿಸ್ಕುಗಳ ಗುರುತೇ ಇಲ್ಲವೆಂದು ಹೇಳಿ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡಲೇ ಎಂದು ಕೇಳಿತು. ಪಕ್ಕದ ಕುರ್ಚಿಯಲ್ಲಿ ಜಯಾಬೆನ್ ಕೂತಿದ್ದರು. ನಡುಗುವ ಎರಡೂ ಕೈಗಳನ್ನು ನನ್ನೆದುರು ಹಿಡಿದು ಹೇಳಿದರು: "ಭಾಯ್, ಮಾರಾ ಹಾಥ್ ಹವೇ ನಥೀ ಚಾಲತಾ." ಈ ಕೈ ಇನ್ನು ನಡೆಯುವುದಿಲ್ಲ. ನಾನು ಭಟ್ಟರಿಗೆ ಫೋನು ಹಚ್ಚಿದೆ.

ಅವರು ಹೇಳಿದ್ದು ಒಂದೇ ಮಾತು: "ಅದು ಎಂತ ಕೇಳಿದ್ರೂ ಹೌದು ಅನ್ಬೇಡ. ನಾನು ಬರ್ತೇನೆ."

ಮಧ್ಯಾಹ್ನದ ರೈಲಿಗೆ ಬಂದಿಳಿದರು. ಕೈಚೀಲದಿಂದ ತೆಗೆದದ್ದು ಅದೇ ಕಾರ್ಡು, ನಾನು ಆರಿಸಿದ್ದರ ಜೋಡಿ. ಮೊದಲನೆಯದನ್ನು ತರಿಸುವಾಗಲೇ ನನಗೆ ತಿಳಿಯದ ಹಾಗೆ ಎರಡು ತರಿಸಿದ್ದರಂತೆ. ಸಿಕ್ಕಿಸಿದ ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ನವಿಲುಗಳು ಬಂದವು. ಜಯಾಬೆನ್ ಒಂದೊಂದನ್ನೇ ಹೆಸರು ಹಿಡಿದು ಕರೆದರು.

ವಾಪಸು ರೈಲಿನಲ್ಲಿ ಕೇಳಿದೆ, "ಅವತ್ತೇ ಬೇಡ ಅನ್ನಬಹುದಿತ್ತಲ್ಲ ಭಟ್ರೇ?"

"ಆಸೆಪಟ್ಟು ಆರಿಸಿದ್ದಿ. ಬೇಡ ಅಂದಿದ್ರೆ ಮತ್ತೆ ಯಾವತ್ತೂ ನೀನಾಗಿ ಆರಿಸ್ತಿರ್ಲಿಲ್ಲ."

ನನಗೆ ನಾಚಿಕೆಯಾಯಿತು. ಆದರೂ ಧನ್ಯವಾದ ಹೇಳಲಿಲ್ಲ ನೋಡಿ, ಅಷ್ಟು ಬಿಗುಮಾನ. ಆಮೇಲೆ ನಾನು ಬೇರೆ ಕೆಲಸ ಹಿಡಿದೆ, ಅವರು ಅಂಗಡಿ ಮುಚ್ಚಿ ವಡೋದರಾದಲ್ಲಿ ಮಗಳ ಮನೆ ಸೇರಿದರು. ಹಬ್ಬಕ್ಕೊಮ್ಮೆ ಫೋನು ಮಾಡಿದಾಗಲೆಲ್ಲ "ಈಗ ಯಾವ ಕಾರ್ಡು ಹಾಕಿದ್ದಿ?" ಎಂದು ಕೇಳುತ್ತಿದ್ದರು. ವಯಸ್ಸಾದವರಿಗೆ ಹಳೆಯ ಕೆಲಸದ ಮೇಲಿನ ಮೋಹ ಹೋಗುವುದಿಲ್ಲ ಎಂದುಕೊಂಡು, ಬಾಯಿಗೆ ಬಂದ ಹಾಗೆ ಹೆಸರು ಒದರುತ್ತಿದ್ದೆ.

ಮೊನ್ನೆ ಆ ಚೀಲ ಮೇಜಿನ ಮೇಲಿಟ್ಟು ಅವರಿಗೇ ಫೋನು ಮಾಡಿದೆ. "ಭಟ್ರೇ, ಈ ಸಲ ನಾನೇ ಎರಡು ತರಿಸ್ತಾ ಇದ್ದೇನೆ. ಒಂದು ಹಾಕ್ಲಿಕ್ಕೆ, ಒಂದು ಇಡ್ಲಿಕ್ಕೆ."



"ಒಳ್ಳೇದಾಯ್ತು" ಎಂದರು. "ಹಾಗಾದ್ರೆ ಇನ್ನು ನಾನು ಹುಡುಕುದು ಬೇಡ. ನೀನು ಫೋನಲ್ಲಿ ಹೇಳಿದ ಕಾರ್ಡೆಲ್ಲದರದ್ದು ಹಳೇದೋ ಪಳೇದೋ ಒಂದೊಂದು ತೆಗ್ದಿಟ್ಟಿದ್ದೆ ಮಾರಾಯ. ಕಪಾಟಲ್ಲಿ ಬಟ್ಟೆ ಇಡ್ಲಿಕ್ಕೆ ಜಾಗ ಇಲ್ಲ ಅಂತ ಮಗಳು ಬೈತಾ ಇದ್ಲು."