ಕುಸುಬೆ ಹಾಲಿನ ಹುಗ್ಗಿ

ನಮ್ಮತ್ತೆ ಹಾಲು ಮುಟ್ಟುತ್ತಿರಲಿಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದೂ ಅವರಿಗೆ ಆಗುತ್ತಿರಲಿಲ್ಲ. ನಾನು ಚಳ್ಳಕೆರೆಯ ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿದ್ದರೂ ಯಾಕೆ ಎಂದು ಕೇಳುವ ಧೈರ್ಯ ಬಂದಿರಲಿಲ್ಲ. ನಮ್ಮದು ಕಂಬಳಿ ವ್ಯಾಪಾರದ ಮನೆ, ಕೊಟ್ಟಿಗೆಯಲ್ಲಿ ಕರೆಯುವ ಹಸುಗಳೇ ನಾಲ್ಕಿದ್ದವು. ಅತ್ತೆ ತಾವೇ ಹಾಲು ಕಾಸಿ, ಮಜ್ಜಿಗೆ ಕಡೆದು, ಎಲ್ಲರಿಗೂ ಕೈತುಂಬ ಬಡಿಸುತ್ತಿದ್ದರು. ತಮ್ಮ ತಟ್ಟೆಗೆ ಮಾತ್ರ ಒಂದು ತೊಟ್ಟೂ ಬೀಳಗೊಡುತ್ತಿರಲಿಲ್ಲ. ಮಾಂಸವಂತೂ ನಮ್ಮಲ್ಲಿ ಮೊದಲಿಂದಲೂ ಇಲ್ಲ. ಇದರ ಮೇಲೆ, ಅಡುಗೆಮನೆಯನ್ನು ಕಣ್ಣಾರೆ ನೋಡದೆ ಹೊರಗಿನ ಊಟ ಮಾಡುವುದಿಲ್ಲವೆಂಬುದು ಅವರ ಇನ್ನೊಂದು ಕಟ್ಟುಪಾಡು. ಮನೆಯಲ್ಲಿದ್ದಾಗ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಊರು ಬಿಟ್ಟು ಹೊರಟಾಗ ಪೇಚಾಟ ಶುರುವಾಗುತ್ತಿತ್ತು.

ನನ್ನ ನಾದಿನಿಯ ಮದುವೆ ಗೊತ್ತಾದದ್ದು ಯುಗಾದಿ ಕಳೆದ ಮೇಲೆ. ಧಾರೆ ಸೀರೆಯನ್ನು ಮೊಳಕಾಲ್ಮೂರಿನ ಮಗ್ಗದಲ್ಲಿ ನೇಯಲು ಕೊಟ್ಟಾಗಿತ್ತು. ಅದನ್ನು ತರುವುದಕ್ಕೆ ಗಂಡಸರನ್ನು ಕಳಿಸಲು ಅತ್ತೆ ಒಪ್ಪಲಿಲ್ಲ.

"ಅವ್ರಿಗೆ ಕಂಬ್ಳಿ ಬಿಟ್ರೆ ಬ್ಯಾರೆ ಬಣ್ಣ ತಿಳಿಯಲ್ಲ," ಎಂದರು. "ನಾನೇ ಹೋಗಿ ಬರ್ತೀನಿ. ನೀನೂ ಬಾ."

ನನಗೆ ಆಗ ಹದಿನೇಳು. ಚಳ್ಳಕೆರೆ ಬಿಟ್ಟು ಆ ಕಡೆ ಹೋದವಳೇ ಅಲ್ಲ. ಹಿಂದಿನ ದಿನವೆಲ್ಲ ನಾವಿಬ್ಬರೂ ಒಲೆಯ ಮುಂದೆ ಕೂತು ಬುತ್ತಿ ಮಾಡಿದೆವು. ಗರಿಗರಿಯಾಗಿ ಸುಟ್ಟ ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಹುರಿದ ಕಡಲೆ, ಬೆಲ್ಲ. ಐದು ದಿನಕ್ಕೆ ಸಾಕಾಗುವಷ್ಟನ್ನು ಎರಡು ಗಂಟು ಕಟ್ಟಿದೆವು. ಗಾಡಿ ಹೊಡೆಯುವವನು ನಮ್ಮ ಮನೆಯಲ್ಲೇ ತಲೆ ನರೆಸಿಕೊಂಡ ಮುದುಕ. ಅತ್ತೆಯ ಎದುರು ಮಾತಾಡುವ ಸಲುಗೆ ಇದ್ದದ್ದು ಅವನೊಬ್ಬನಿಗೇ.

ಮೊದಲ ದಿನ ತಳಕಿನಲ್ಲಿ ದೂರದ ನೆಂಟರ ಮನೆಯಲ್ಲಿ ಇಳಿದೆವು. ಅಡುಗೆಮನೆ ಅತ್ತೆಗೆ ಒಪ್ಪಿಗೆಯಾಯಿತು. ಆದರೆ ಆ ಮನೆಯಾಕೆ ಮರ್ಯಾದೆ ತೋರಿಸಬೇಕೆಂದು ಪಲ್ಯಕ್ಕೆ ತುಪ್ಪ, ಅನ್ನಕ್ಕೆ ತುಪ್ಪ, ಚಟ್ನಿಗೆ ಮೊಸರು ಹಾಕಿದ್ದರು. ಅತ್ತೆ ಗಂಟು ಬಿಚ್ಚಿ ತಮ್ಮ ರೊಟ್ಟಿಯನ್ನೇ ಮುರಿದುಕೊಂಡಾಗ ಆಕೆಯ ಮುಖ ಇಳಿದುಹೋಯಿತು.

"ನಮ್ಮನೆ ತುಪ್ಪಕ್ಕೆ ಏನಾಗೈತ್ರೀ?"

"ಏನೂ ಆಗಿಲ್ಲವ್ವ. ಘಮ್ ಅಂತೈತೆ. ನನ್ನ ಪಾಲಿಂದು ನನ್ನ ಸೊಸೆ ತಿಂತಾಳೆ ತಗೋ," ಎಂದು ಅತ್ತೆ ನನ್ನ ಎಲೆ ತೋರಿಸಿಬಿಟ್ಟರು.

ನಾನು ಇಬ್ಬರ ಊಟ ಉಂಡೆ. ಮರುದಿನ ಗಾಡಿ ಕುಲುಕಿದಾಗಲೆಲ್ಲ ತಳಕಿನ ತುಪ್ಪ ಗಂಟಲಿಗೆ ಬರುತ್ತಿತ್ತು. ಗಾಡಿಯವನು ತಿರುಗಿ ನೋಡಿ ನಕ್ಕ. "ಚಿಕ್ಕವ್ವಾರು ಇನ್ನೊಂದು ಎಲ್ಡು ಊರು ಹಿಂಗೇ ಉಂಡ್ರೆ ಎತ್ತು ಗಾಡಿ ಎಳೆಯಾಕಿಲ್ಲ," ಎಂದ. ಅತ್ತೆಯೂ ನಕ್ಕರು. ಮನೆಯಲ್ಲಿ ಅವರು ನಗುವುದನ್ನು ನಾನು ಅಷ್ಟಾಗಿ ಕಂಡಿರಲಿಲ್ಲ.

ಮೊಳಕಾಲ್ಮೂರು ಸೇರಿದಾಗ ಎರಡನೆಯ ದಿನದ ಸಂಜೆ. ಬೀದಿಯ ಎರಡೂ ಬದಿ ಮಗ್ಗದ ಸದ್ದು. ಜಗುಲಿಗಳ ಮೇಲೆ ಹೆಂಗಸರು ರೇಷ್ಮೆ ನೂಲು ಸುತ್ತುತ್ತ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹರಟುತ್ತಿದ್ದರು. ನಮ್ಮ ಸೀರೆ ಇನ್ನೂ ಮಗ್ಗದ ಮೇಲೇ ಇತ್ತು. ಮಾವಿನಕಾಯಿ ಬಣ್ಣದ ಒಡಲು, ದಾಳಿಂಬೆ ಬಣ್ಣದ ಅಂಚು. ಅತ್ತೆ ಬಗ್ಗಿ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಸೆರಗಿನ ಕೆಲಸ ಮುಗಿಯಲು ಇನ್ನೂ ಎರಡು ದಿನ ಬೇಕು ಎಂದ ನೇಯ್ಗೆಯವನು ತನ್ನ ಮನೆಯ ಪಕ್ಕದ ಖಾಲಿ ಕೋಣೆಯಲ್ಲಿ ನಮಗೆ ಇರಲು ಜಾಗ ಕೊಟ್ಟ. ಬುತ್ತಿ ಇದೆಯಲ್ಲ, ಉಳಿಯುವುದಕ್ಕೇನು ಎಂದುಕೊಂಡೆವು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಮುಖ ತೊಳೆದು ಬರುವಷ್ಟರಲ್ಲಿ ಜಗುಲಿಯ ಮೇಲೆ ಮೂರು ಆಡುಗಳು ನಿಂತಿದ್ದವು. ಅಲ್ಲಿಟ್ಟಿದ್ದ ನಮ್ಮ ಎರಡೂ ಗಂಟು ಬಿಚ್ಚಿಹೋಗಿದ್ದವು, ಒಂದು ಆಡಿನ ತಲೆ ಗಂಟಿನ ಒಳಗೇ ಇತ್ತು. ನಾನು ಕೂಗುತ್ತ ಓಡಿದೆ. ಅದು ತಲೆ ಎತ್ತಿದಾಗ ಗಡ್ಡದ ತುಂಬ ಹುಚ್ಚೆಳ್ಳಿನ ಪುಡಿ. ಇನ್ನೊಂದು ಬೆಲ್ಲದ ಉಂಡೆಯನ್ನು ಬಾಯಲ್ಲಿಟ್ಟುಕೊಂಡೇ ಬೀದಿ ಇಳಿಯಿತು. ಉಳಿದ ರೊಟ್ಟಿ ಚೂರುಗಳ ಮೇಲೆ ಗೊರಸಿನ ಗುರುತು.

ನನಗೆ ಅಳು ಬಂತು. ಅತ್ತೆ ಗಂಟಿನ ಬಟ್ಟೆ ಕೊಡವಿ ಮಡಚಿದರು. "ಎಲ್ಡು ದಿನ ಉಪಾಸ ಇದ್ರೆ ಸಾಯಲ್ಲ ಬಿಡು. ನೀನು ಎಲ್ಲಾದ್ರೂ ಉಣ್ಣು," ಎಂದರು.

ಗಾಡಿಯವನು ಒಪ್ಪಲಿಲ್ಲ. "ಅವ್ವಾರೆ, ನೀವು ಉಪಾಸ ಬಿದ್ರೆ ಚಳ್ಳಕೆರೆಗೆ ಹೋಗಿ ಯಜಮಾನ್ರಿಗೆ ಏನಂತ ಹೇಳ್ಲಿ? ಆಡು ತಿಂದ್ವು ಅಂತ ಹೇಳ್ಲಾ?" ಎಂದು ರುಮಾಲು ಸುತ್ತಿಕೊಂಡು ಪೇಟೆಯ ಕಡೆ ಹೋದ. ಬಿಸಿಲೇರುವ ಮುಂಚೆ ಸುದ್ದಿ ತಂದ. ಸಂತೆ ಬೀದಿಯ ಹಿಂದೆ ಒಬ್ಬಾಕೆ ಊಟ ಹಾಕುತ್ತಾಳೆ. ಬಳ್ಳಾರಿಯಿಂದ ರೇಷ್ಮೆಗೆ ಬರುವ ವ್ಯಾಪಾರಸ್ಥರು, ಕಚೇರಿಯ ಗುಮಾಸ್ತರು ಎಲ್ಲ ಅಲ್ಲೇ ಉಣ್ಣುವುದು. ಅಲ್ಲಿಯ ಜನ ಆಕೆಯನ್ನು ತೆಲುಗಿನಲ್ಲಿ ಪೂಟಕೂಳ್ಳಮ್ಮ ಎನ್ನುತ್ತಾರೆ, ಹೊತ್ತು ಹೊತ್ತಿಗೆ ಕೂಳು ಹಾಕುವವಳು ಎಂದು. "ಮಾಂಸ ಮೀನು ಆ ಬೀದಿಗೇ ಬರಾಕಿಲ್ವಂತೆ. ನೋಡ್ಕಂಡಾದ್ರೂ ಬರ್ರಿ," ಎಂದ.

ನೋಡುವುದಕ್ಕೆಂದೇ ಅತ್ತೆ ಹೊರಟದ್ದು. ತಗ್ಗಿನ ಬಾಗಿಲು, ಸಗಣಿ ಸಾರಿಸಿದ ಉದ್ದನೆಯ ಪಡಸಾಲೆ, ಮೂಲೆಯಲ್ಲಿ ಮುತ್ತುಗದ ಎಲೆಯ ಅಡಕಲು. ಒಳಗಿಂದ ಬಂದಾಕೆ ಅತ್ತೆಯ ವಯಸ್ಸಿನವಳೇ. ಬೊಟ್ಟಿಲ್ಲದ ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಎರಡು ಕೈಗೂ ಜೋಳದ ಹಿಟ್ಟು.

"ರಂಡಮ್ಮಾ, ಕೂರ್ಚೋಂಡಿ," ಎಂದು ತೆಲುಗಿನಲ್ಲಿ ಬರಮಾಡಿಕೊಂಡು, ನಮ್ಮ ಮುಖ ನೋಡಿ ಕನ್ನಡಕ್ಕೆ ಹೊರಳಿದಳು. "ಬರ್ರವ್ವ, ಕೂತ್ಕಳ್ರಿ. ಹೆಂಗಸ್ರಿಗೆ ಒಳಗಡೆ ಎಲೆ ಹಾಕ್ತೀನಿ."

"ಕೂರೋದು ಆಮೇಲೆ. ನಿಮ್ಮ ಒಲೆ ನೋಡ್ಬೋದಾ?" ಎಂದರು ಅತ್ತೆ.

ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ಆಕೆ ಬೇಸರಪಡಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅತ್ತೆ ಒಲೆ ನೋಡಿದರು, ನೀರಿನ ಹಂಡೆಯ ಮುಚ್ಚಳ ತೆಗೆದು ನೋಡಿದರು, ಸಾರಿನ ಗಡಿಗೆ ಮೂಸಿದರು. ಕಡೆಗೆ ತಮ್ಮ ಪಟ್ಟಿ ಹೇಳಿದರು: ಹಾಲು ಬೇಡ, ಮೊಸರು ಬೇಡ, ತುಪ್ಪ ಬೇಡ, ತುಪ್ಪಕ್ಕೆ ಅದ್ದಿದ ಸೌಟೂ ಬೇಡ.

ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. "ವೈದ್ಯರು ಹೇಳವ್ರಾ?"

"ಇಲ್ಲ. ನಾನೇ ಬಿಟ್ಟೀನಿ."

"ಆಗ್ಲಿ. ಬ್ಯಾರೆ ಸೌಟು ತೊಳೀತೀನಿ," ಎಂದಳು, ಅಷ್ಟೇ. ಆ ಸರಳವಾದ ಮಾತಿಗೆ ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತುಬಿಟ್ಟರು. ಇಷ್ಟು ವರ್ಷ ಎಲ್ಲ ಮನೆಗಳಲ್ಲೂ ಅದಕ್ಕೆ ವಾದ ನಡೆದಿರಬೇಕು, ಅಥವಾ ಕಣ್ಣೀರು ಹರಿದಿರಬೇಕು.

ಆ ದಿನ ನಾವು ಉಂಡದ್ದನ್ನು ಈಗಲೂ ಹೇಳಬಲ್ಲೆ. ಕೈಯಲ್ಲಿ ತಟ್ಟಿದ ಬಿಸಿ ಜೋಳದ ರೊಟ್ಟಿ, ಹುಚ್ಚೆಳ್ಳು ತುಂಬಿದ ಬದನೆಕಾಯಿ, ನವಣೆ ಅನ್ನ, ಎಳೆಯ ಹುಣಸೆ ಚಿಗುರು ಹಾಕಿ ಬೇಯಿಸಿದ ತೊಗರಿಬೇಳೆ. ಆ ಚಿಗುರಿನ ಹುಳಿ ನಾಲಿಗೆಗೆ ತಾಗಿದಾಗ ನನಗೆ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ತುಪ್ಪದ ಜಾಗಕ್ಕೆ ಆಕೆ ಗಾಣದಿಂದ ಆಗತಾನೇ ತಂದ ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಚುಂಯ್ ಎನ್ನುವಾಗಲೇ ಅನ್ನದ ಮೇಲೆ ಸುರಿದಳು. ಅತ್ತೆ ತಲೆ ಎತ್ತದೆ ಉಂಡರು. ಇನ್ನೊಂದು ರೊಟ್ಟಿ ಕೇಳಿದರು. ಮತ್ತೊಂದು ಕೇಳಿದರು.

ಊಟವಾದ ಮೇಲೆ ಪಡಸಾಲೆ ಖಾಲಿಯಾಯಿತು. ಮೂವರೂ ಹಿತ್ತಿಲ ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತೆವು. ನಾನು ಮೂರು ವರ್ಷದಿಂದ ಕೇಳದೆ ಇದ್ದದ್ದನ್ನು ಆಕೆ ಸುಣ್ಣ ಹಚ್ಚುತ್ತ ಕೇಳಿದಳು.

"ಯಾಕವ್ವ ಬಿಟ್ರಿ?"

ಅತ್ತೆ ಎಲೆ ಮಡಚಿ ದವಡೆಗಿಟ್ಟುಕೊಂಡರು. ಆಮೇಲೆ ಹೇಳಿದರು. "ನನ್ನ ಮಗ ಹುಟ್ದಾಗ ನನಗೆ ಎದೆಹಾಲು ಬರ್ಲಿಲ್ಲ. ಅದೇ ವಾರ ನಮ್ಮ ಹಸು ಈದಿತ್ತು, ಕಡ್ಡಿಯಂಗಿದ್ದ ಹಸು. ಮಗೀಗೆ ಅಂತ ಹಾಲೆಲ್ಲಾ ಕರ್ಕಂಡ್ವಿ. ಕರೀಗೆ ಉಳೀಲಿಲ್ಲ. ಒಂದಿನ ಹೋಗಿ ನೋಡಿದ್ರೆ ಕರು ಎದ್ದೇಳ್ಲಿಲ್ಲ." ಅವರು ನನ್ನ ಕಡೆ ತಿರುಗಿದರು. "ಅದರ ಹಾಲು ಕುಡ್ದು ಬೆಳ್ದೋನೇ ನಿನ್ನ ಗಂಡ. ಅದರ ಪಾಲು ನನ್ನ ಮಗ ಉಂಡ. ನನ್ನ ಪಾಲಾದ್ರೂ ಬಿಡಾಣ ಅನ್ಸಿತು. ಬ್ಯಾರೆಯೋರಿಗೆ ಬಿಡ್ರಿ ಅಂತ ನಾನು ಹೇಳಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಸೊಸೆ ಅತ್ತೆಯ ಕೈ ಹಿಡಿಯುವುದು ನಮ್ಮ ಮನೆಯಲ್ಲಿ ನಡೆಯುವ ಸಂಗತಿಯಲ್ಲ. ಅವರು ಬಿಡಿಸಿಕೊಳ್ಳಲಿಲ್ಲ.

ಊಟದ ಮನೆಯಾಕೆ ಎದ್ದು ಒಂದು ಮೊರದ ತುಂಬ ಬಿಳಿಯ ಕುಸುಬೆ ಕಾಳು ತಂದು, ನೀರಿನ ಗಡಿಗೆಗೆ ಸುರಿದಳು. "ನಾಳೆ ಹೊಟ್ಟೆ ಖಾಲಿ ಇಟ್ಕಂಡು ಬರ್ರಿ," ಎಂದಳು. ಯಾಕೆಂದು ಹೇಳಲಿಲ್ಲ.

ಮರುದಿನ ಹೋದಾಗ ಅತ್ತೆಯ ಎಲೆಯ ಮುಂದೆ ಕಂಚಿನ ಬಟ್ಟಲು. ಅದರಲ್ಲಿ ಕೆನೆಗಟ್ಟಿದಂಥ ಹುಗ್ಗಿ. ಏಲಕ್ಕಿ, ಒಣಶುಂಠಿಯ ಘಮ. ಅತ್ತೆ ಬಟ್ಟಲನ್ನು ದೂರ ತಳ್ಳಿ, ಮುಖ ಗಂಟಿಕ್ಕಿಕೊಂಡು ಎದ್ದೇಬಿಟ್ಟರು. "ನಿನ್ನೆ ಅಷ್ಟು ಹೇಳಿದ್ನಲ್ಲವ್ವ!"

"ಪಾಲು ಕಾದಮ್ಮಾ!" ಆಕೆ ಗಾಬರಿಯಲ್ಲಿ ಕನ್ನಡ ಮರೆತಳು. ಹಾಲಲ್ಲ ಎಂದು ಹೇಳುತ್ತಿದ್ದಾಳೆಂದು ನನಗೆ ತಿಳಿಯುವಷ್ಟರಲ್ಲಿ ಅತ್ತೆಯ ತೋಳು ಹಿಡಿದು ಒರಳಿನ ಹತ್ತಿರ ಎಳೆದೊಯ್ದಿದ್ದಳು. ನೆನೆದ ಕುಸುಬೆಯನ್ನು ರುಬ್ಬಿ ಬಟ್ಟೆಯಲ್ಲಿಟ್ಟು ನಮ್ಮ ಕಣ್ಣೆದುರೇ ಹಿಂಡಿದಳು. ಬೆರಳ ಸಂದಿಯಿಂದ ಹಾಲಿನಂಥದ್ದೇ ಬಿಳಿ ರಸ ಇಳಿಯಿತು. ಅದನ್ನು ಕೈ ಬಿಡದೆ ತಿರುವುತ್ತ ಕಾಯಿಸಿ, ಕುಟ್ಟಿ ಬೇಯಿಸಿದ ಗೋಧಿ, ಬೆಲ್ಲ, ಕೊಬ್ಬರಿ ಹಾಕುವುದು. ಅತ್ತೆ ಒಂದು ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡರು. ಮತ್ತೆ ಅದ್ದಿದರು. ಇಪ್ಪತ್ತು ವರ್ಷಕ್ಕೂ ಮೇಲೆ ಹಾಲಿನ ಸಿಹಿ ಕಾಣದ ಬಾಯಿ ಅದು.

"ಎಣ್ಣೆ ಕಾಳಿನಾಗೆ ಹಾಲೈತೆ ಅಂತ ನನಗೆ ಯಾರೂ ಹೇಳ್ಲಿಲ್ವಲ್ಲೇ," ಎಂದು ನನ್ನನ್ನೇ ಗದರಿದರು.

ಅಷ್ಟರಲ್ಲಿ ಹೊರಗೆ ಗಂಡಸರ ಪಂಕ್ತಿ ಕೂತಿತ್ತು. ಆಕೆ ಅವರಿಗೂ ಅದೇ ಹುಗ್ಗಿ ಬಡಿಸಿದಳು. ಬಳ್ಳಾರಿ ಕಡೆಯ ವ್ಯಾಪಾರಸ್ಥರೊಬ್ಬರು ಬಟ್ಟಲು ಬಳಿದು ಹೇಳಿದರು, "ಏನ್ ಗಟ್ಟಿ ಹಾಲ್ರಿ! ಎಮ್ಮೀದೇ ಇರ್ಬೇಕು. ನಮ್ಮನೆಗೂ ಅಂಥಾ ಎಮ್ಮಿ ಒಂದು ಕೊಡ್ಸ್ರಿ."

ಒಳಗೆ ನಾವು ಮೂವರೂ ಸೆರಗು ಬಾಯಿಗೆ ತುರುಕಿಕೊಂಡೆವು. ಅತ್ತೆಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಆಕೆ ಬಾಗಿಲಿಗೆ ಹೋಗಿ, "ಆ ಎಮ್ಮೆಗೆ ಮೈಯೆಲ್ಲಾ ಮುಳ್ಳು ಸಾವ್ಕಾರ್ರೆ, ಹೊಲದಾಗೆ ನಿಂತೈತೆ, ಹೋಗಿ ಕರ್ಕಳ್ರಿ," ಎಂದಳು. ಕುಸುಬೆ ಗಿಡದ ಮುಳ್ಳು ಗೊತ್ತಿದ್ದ ಪಡಸಾಲೆಯೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ದೊಡ್ಡದಾಗಿ ಕೇಳಿದ್ದು ಜಗುಲಿಯ ಮೇಲೆ ಉಣ್ಣುತ್ತಿದ್ದ ನಮ್ಮ ಗಾಡಿಯವನ ನಗು.

ಸೀರೆ ಆ ಸಂಜೆಯೇ ಮಗ್ಗದಿಂದ ಇಳಿಯಿತು. ಆದರೂ ಅತ್ತೆ ಒಂದು ದಿನ ಹೆಚ್ಚಿಗೆ ನಿಂತರು, ನೇಯ್ಗೆಯವನಿಗೆ ಅಂಚಿನ ನೆಪ ಹೇಳಿ. ಆ ದಿನವೆಲ್ಲ ಅವರು ಕಳೆದದ್ದು ಊಟದ ಮನೆಯ ಒರಳಿನ ಮುಂದೆ. ಮೊದಲ ಹಾಲು ಬೇರೆ ತೆಗೆಯುವುದು, ಎರಡನೆಯ ಹಾಲಿನಲ್ಲಿ ಗೋಧಿ ಬೇಯಿಸುವುದು, ಉರಿ ಎಷ್ಟಿರಬೇಕು, ಎಲ್ಲ ಕಲಿತರು. ಬದಲಿಗೆ ತಮ್ಮ ಹುಚ್ಚೆಳ್ಳು ಪುಡಿಗೆ ಯಾವ ಹದಕ್ಕೆ ಮೆಣಸಿನಕಾಯಿ ಹುರಿಯುತ್ತಾರೆಂಬುದನ್ನು ಹೇಳಿಕೊಟ್ಟರು. ಅದನ್ನು ನನಗೂ ಅಲ್ಲಿಯವರೆಗೆ ಹೇಳಿರಲಿಲ್ಲ.

ಹಿಂತಿರುಗುವಾಗ ಮೊಳಕಾಲ್ಮೂರಿನ ಪಕ್ಕದ ಹಾನಗಲ್ ಎಂಬ ಹಳ್ಳಿ ದಾಟಿದ ಮೇಲೆ ರಸ್ತೆಯ ಪಕ್ಕದ ಕಣದಲ್ಲಿ ಒಬ್ಬ ರೈತ ಕುಸುಬೆ ಬಡಿಯುತ್ತಿದ್ದ. ಅತ್ತೆ ಗಾಡಿ ನಿಲ್ಲಿಸಿ ಒಂದು ಚೀಲ ಕೇಳಿದರು.

"ಎಣ್ಣೆಗೇನವ್ವ?" ಎಂದ ಅವನು.

"ಅಲ್ಲಪ್ಪ, ಹಾಲಿಗೆ."

ಅವನು ಗಾಡಿಯವನ ಮುಖ ನೋಡಿದ. ಅತ್ತೆ ಗಾಡಿಯಿಂದ ಇಳಿದು, ಬಿಸಿಲಿನಲ್ಲಿ ನಿಂತು, ನೆನೆಸುವುದರಿಂದ ಹಿಡಿದು ಏಲಕ್ಕಿ ಹಾಕುವವರೆಗೆ ಅವನಿಗೆ ಹೇಳತೊಡಗಿದರು. ಅವನ ಹೆಂಡತಿಯೂ ಬಂದು ನಿಂತಳು. ಇದು ಬೇಗ ಮುಗಿಯುವುದಲ್ಲವೆಂದು ಗಾಡಿಯವನು ನೊಗ ಇಳಿಸಿ ಎತ್ತುಗಳನ್ನು ಬೇವಿನ ಮರದ ನೆರಳಿಗೆ ಕಟ್ಟಿದ.

ಮದುವೆಗೆ ನಾಲ್ಕು ದಿನ ಮೊದಲೇ ನಮ್ಮ ಗಾಡಿ ಮೊಳಕಾಲ್ಮೂರಿಗೆ ಹೋಗಿ ಪೂಟಕೂಳ್ಳಮ್ಮನನ್ನು ಕರೆತಂದಿತು. ಅತ್ತೆ ಮತ್ತು ಆಕೆ ಸೇರಿ ಎರಡು ಕೊಪ್ಪರಿಗೆ ಹುಗ್ಗಿ ಮಾಡಿದರು. ರುಬ್ಬಿ ಹಿಂಡಿ ನನ್ನ ರಟ್ಟೆ ಬಿದ್ದುಹೋದವು. ಧಾರೆ ಮುಗಿದು, ಬೀಗರ ಪಂಕ್ತಿಯೂ ಎದ್ದ ಮೇಲೆ ಅತ್ತೆಯನ್ನು ಕೂರಿಸಿ ಎಲೆ ಹಾಕಿದೆ. ಎಲೆಯ ತುದಿಯಿಂದ ತುದಿಯವರೆಗೆ ಅವರು ಬೇಡವೆನ್ನುವ ಪದಾರ್ಥ ಒಂದೂ ಇರಲಿಲ್ಲ. ಎರಡು ಸಲ ಹುಗ್ಗಿ ಹಾಕಿಸಿಕೊಂಡು ಉಂಡರು. ನಾನು ಸೌಟು ಹಿಡಿದು ನೋಡುತ್ತ ನಿಂತುಬಿಟ್ಟಿದ್ದೆ.

"ಬಡಿಸೇ," ಎಂದರು ಅತ್ತೆ. "ಏನ್ ನೋಡ್ತಾ ನಿಂತೀಯಾ? ಕೊಪ್ಪರಿಗೆ ತಳದಾಗೆ ಇನ್ನಾ ಐತೆ."