ಹಾಸಿಗೆ ಕಾದ ಕಾವಲುನಾಯಿ

ಲೈನ್‌ಮನ್ ಕೆಲಸದಿಂದ ನಿವೃತ್ತನಾದ ಮೇಲೆ ಫ್ಯೂಸಣ್ಣ ಆಡು ಸಾಕಿದ. ಹೆಸರು ಊರವರು ಇಟ್ಟಿದ್ದು: ತಟ್ಟನೆ ಹಾರುತ್ತಾನೆ, ಆಮೇಲೆ ಮನೆಯೆಲ್ಲ ಕತ್ತಲು.

ಬೀದಿನಾಯಿಗಳ ಹಿಂಡು ಬೇಲಿ ನುಗ್ಗಿ ಆಡಿನ ಮರಿಯೊಂದನ್ನು ಕೊಂದುಹಾಕಿದ ದಿನ ಹೆಂಡತಿ ಹೇಳಿಬಿಟ್ಟಳು: "ಇನ್ನೊಂದು ಮರಿಗೆ ಹಲ್ಲು ತಾಗಲಿ, ಅಷ್ಟೂ ಆಡು ವ್ಯಾಪಾರಿ ಪಾಲು. ಬಾಣಂತನ ಮಾಡೋಳು ನಾನು, ಹೂಳೋಳೂ ನಾನೇ. ಮೀಸೆ ತಿರುವೋಕೆ ಮಾತ್ರ ನೀವು!"

ಆಡುಗಳು ಹೋದರೆ ತಾನು ಗೋಡೆ ನೋಡುತ್ತ ಕೂರುವ ಮುದುಕನೆಂದು ಫ್ಯೂಸಣ್ಣನಿಗೂ ಗೊತ್ತಿತ್ತು. ಕುರಿಗಾಹಿಯೊಬ್ಬನ ಬಳಿ ಓಡಿ ಕಾವಲುನಾಯಿಯ ಮರಿ ತಂದ.

"ಅಣ್ಣಾ, ನೇರ ಕೊಟ್ಟಿಗೆಗೆ ಬಿಡಿ. ಆಡುಗಳ ಮಧ್ಯೆನೇ ಮಲಗಲಿ. ಮುದ್ದುಗಿದ್ದು ಬೇಡ," ಎಂದ ಕುರಿಗಾಹಿ.

"ಹನ್ನೊಂದು ಕೆವಿ ಕರೆಂಟು ಪಳಗಿಸಿದವನು ಕಣಯ್ಯಾ ನಾನು!"

ಕೊಟ್ಟಿಗೆಯಲ್ಲಿ ಮರಿ ಒಮ್ಮೆ ಕುಂಯ್ ಎಂದಿತು. ಹನ್ನೊಂದು ಕೆವಿ ಪಳಗಿಸಿದವನು ಕರಗಿ ನೀರಾಗಿ ಅದನ್ನು ಕಂಬಳಿಯೊಳಗೆ ಸೇರಿಸಿಕೊಂಡ. ತನ್ನ ತಟ್ಟೆಯಿಂದಲೇ ತುತ್ತು. ಹೆಂಡತಿ ಕಂಡರಿಯದ ಉಪಚಾರ. ಮರಿಯೂ ಉಂಡ ಮನೆಗೆ ಎರಡು ಬಗೆಯಲಿಲ್ಲ. ಕರುವಿನಷ್ಟು ಬೆಳೆದು ನಿಷ್ಠೆಯಿಂದ ಕಾವಲಿಗೆ ನಿಂತಿತು. ಕಾದದ್ದು ಫ್ಯೂಸಣ್ಣನನ್ನು! ಹೆಂಡತಿ ಟೀ ತಂದರೂ ಗುರ್ರ್.

ಒಂದು ಸಂಜೆ ನಾಯಿಹಿಂಡು ಮತ್ತೆ ನುಗ್ಗಿತು. ಬೆದರಿದ ಆಡಿನ ಮರಿಯೊಂದು ಜಗಲಿಯಲ್ಲಿ ಕೂತಿದ್ದ ಫ್ಯೂಸಣ್ಣನತ್ತ ಓಡಿಬಂತು. ನಮ್ಮ ಕಾವಲುಗಾರ ಎಗರಿ ಅದರ ಕಿವಿಯನ್ನೇ ಹರಿದ. ಅತ್ತ ಒನಕೆ ಬೀಸಿ ಬೀದಿನಾಯಿಗಳನ್ನು ಓಡಿಸಿದವಳು ಹೆಂಡತಿ.

"ನಾಳೆನೇ ವ್ಯಾಪಾರಿ ಬರ್ತಾನೆ," ಎಂದಳು ಏದುಸಿರಿನಲ್ಲಿ.

"ಕಚ್ಚಿದ್ದು ನಮ್ಮನೆ ಹಲ್ಲು ಕಣೇ, ಅದು ಲೆಕ್ಕಕ್ಕೆ ಬರಲ್ಲ!"

ಆ ವಾದ ನಡೆಯದಾಗ ಫ್ಯೂಸಣ್ಣ ಕೈಮುಗಿದ. ಹೆಂಡತಿ ಅವನ ಹಾಸಿಗೆ ಸುತ್ತಿ ಅಂಗಳಕ್ಕೆಸೆದಳು.

"ಅದು ಕಾಯೋದು ನಿಮ್ಮನ್ನ ತಾನೆ? ನೀವೇ ಕೊಟ್ಟಿಗೆಗೆ ನಡೀರಿ. ಗಂಡಸು ಯಾರು, ಆಡು ಯಾವುದು ಅಂತ ಅದಕ್ಕೆ ಗೊತ್ತಾಗಬಾರದು, ಹಂಗೆ ಬಿದ್ಕೊಳ್ಳಿ. ನಂಗಂತೂ ಇಷ್ಟು ವರ್ಷದಲ್ಲಿ ವ್ಯತ್ಯಾಸ ಗೊತ್ತಾಗಿಲ್ಲ."

ಹೋದ. ತಿಂಗಳುಗಟ್ಟಲೆ ಹಿಕ್ಕೆಯ ಮೇಲೆ ಹೊರಳಿ, ಹೋತದ ವಾಸನೆ ಮೈಗೆ ಹತ್ತಿಸಿಕೊಂಡ. ನಾಯಿಗೆ ಕೊನೆಗೂ ಬುದ್ಧಿ ಬಂತು: ಇವರೆಲ್ಲ ಒಂದೇ ಮಂದೆ. ಈಗ ಬೇಲಿಯತ್ತ ಯಾವ ಬೀದಿನಾಯಿಯೂ ಮೂಗು ಚಾಚುವುದಿಲ್ಲ. ವ್ಯಾಪಾರಿಗೆ ಹೆಂಡತಿ, "ಬರೋದು ಬೇಡಪ್ಪಾ," ಎಂದು ಹೇಳಿಕಳಿಸಿದಳು.

ತೊಂದರೆ ಒಂದೇ. ಮಂದೆಯ ಯಾವ ಜೀವವೂ ಗೇಟು ದಾಟುವುದಕ್ಕೆ ನಾಯಿಯ ಒಪ್ಪಿಗೆಯಿಲ್ಲ.

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬ ಗೇಟಿನಾಚೆ ನಿಂತು ಕೂಗಿದ: "ಟೀ ಅಂಗಡಿಗೆ ಬಾರೋ ಫ್ಯೂಸಾ!"

"ಹೊರಗೆ ಬಿಡ್ತಿಲ್ಲ ಕಣೋ."

"ಯಾರು, ಅತ್ತಿಗೇನಾ?"

"ಅವಳಾಗಿದ್ರೆ ಬೈದಾದ್ರೂ ಬಿಡ್ತಿದ್ಲು," ಎಂದ ಫ್ಯೂಸಣ್ಣ, ನಾಯಿಯ ಬಾಯಿಂದ ಪಂಚೆಯ ಚುಂಗು ಬಿಡಿಸಿಕೊಳ್ಳುತ್ತ. "ಪಾರ್ಸೆಲ್ ತಗೊಂಬಾ. ಹತ್ರ ಬರ್ಬೇಡ, ಅಲ್ಲಿಂದ್ಲೇ ಕೊಡು."