ಜಿಂಕೆಯಲ್ಲ, ಜಿಂಕ್

ನನಗೆ ತೊನ್ನಿದೆ. ನಮ್ಮ ನೆಂಟರು ದನಿ ತಗ್ಗಿಸಿ "ಚರ್ಮದ ತೊಂದರೆ" ಎನ್ನುವುದನ್ನು ನಾನು ನೇರವಾಗಿ ಹೇಳಿಬಿಡುತ್ತೇನೆ. ಕೇಳಿದವರ ಮುಜುಗರ ನೋಡುವುದೂ ಒಂದು ಮಜಾ. ಕೆನ್ನೆ, ಗಲ್ಲ, ಎರಡೂ ಕೈಗಳಲ್ಲಿ ಅಲ್ಲಲ್ಲಿ ಬಿಳಿ. ಆ ಬಿಳಿಗೆ ಬಿಸಿಲು ಆಗದು. ಒಮ್ಮೆ ಮಲ್ಪೆಗೆ ಹೋದಾಗ ಮನೆಮಂದಿಯೆಲ್ಲ ನೀರಲ್ಲಿ ಕುಣಿದರು. ನಾನು ಸೆರಗು ಹೊದ್ದು ಅವರ ಚಪ್ಪಲಿ ಕಾದೆ. ಅಷ್ಟಕ್ಕೇ ಕೆನ್ನೆಯಲ್ಲಿ ಬೊಬ್ಬೆ ಎದ್ದು ವಾರವಿಡೀ ಮಗ್ಗುಲಾಗಿ ಮಲಗಲಾಗಲಿಲ್ಲ. ಅಂದಿನಿಂದ ಸನ್‌ಸ್ಕ್ರೀನ್ ಹಚ್ಚದೆ ರಾಮಕೃಷ್ಣನಗರದ ನಮ್ಮ ಮನೆಯ ಗೇಟು ದಾಟಿದವಳಲ್ಲ. ಐವತ್ತೆರಡು ತುಂಬಿತು, ಕಡಲಿಗೆ ಒಂದು ಸಲವಾದರೂ ಇಳಿಯಬೇಕೆಂಬ ಆಸೆ ಮಾತ್ರ ಹಾಗೇ ಇತ್ತು.

ನನ್ನ ತಂಗಿಯ ಮಗಳು ಕಡಲ ಜೀವಿಗಳ ವಿಷಯ ಓದುತ್ತಿದ್ದಾಳೆ. ಹೋದ ವರ್ಷ ಫೋನ್ ಮಾಡಿ, "ದೊಡ್ಡಮ್ಮ, ಮುರ್ಡೇಶ್ವರಕ್ಕೆ ಬನ್ನಿ. ದೋಣೀಲಿ ದ್ವೀಪದ ಹತ್ರ ಹೋಗಿ ನೀರಿಗಿಳಿಯೋಣ, ಹವಳ ತೋರಿಸ್ತೀನಿ" ಎಂದಳು. ನಾನು ಕುಣಿದುಬಿಟ್ಟೆ. ಮರುಕ್ಷಣವೇ ಅವಳು ನಿಮ್ಮ ಕ್ರೀಮಿನ ಹಿಂದೆ ಏನು ಬರೆದಿದೆ, ಓದಿ ಎಂದಳು. ಕನ್ನಡಕ ಹಾಕಿಕೊಂಡು, ಇರುವೆ ಸಾಲಿನಂಥ ಅಕ್ಷರಗಳಲ್ಲಿ ತಡವರಿಸುತ್ತಾ ಆಕ್ಸಿಬೆಂಝೋನ್ ಎಂದು ಓದಿದೆ.

"ಅದನ್ನ ಹಚ್ಕೊಂಡು ಇಳೀಬೇಡಿ ದೊಡ್ಡಮ್ಮ. ನೀರಲ್ಲಿ ಬಿಟ್ಕೊಳ್ಳುತ್ತೆ, ಹವಳದ ಮರಿಗಳಿಗೆ ಒಳ್ಳೇದಲ್ಲ."

ಹವಳವೆಂದರೆ ಸರಕ್ಕೆ ಪೋಣಿಸುವುದು ಎಂದಷ್ಟೇ ನನಗೆ ಗೊತ್ತಿದ್ದದ್ದು. ಅದಕ್ಕೆ ಜೀವ, ಮರಿ ಎಲ್ಲ ಇದೆಯೆಂದು ಕೇಳಿ ಪಾಪವೆನಿಸುವ ಬದಲು ಸಿಟ್ಟು ನೆತ್ತಿಗೇರಿತು. "ಅವು ಚೆನ್ನಾಗಿರಲಿ ಅಂತ ನಾನು ಸುಟ್ಕೋಬೇಕೇನೇ? ಬರಲ್ಲ ಹೋಗು!" ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಅತ್ತುಬಿಟ್ಟೆ. ಸಿಕ್ಕೇಬಿಟ್ಟಿತು ಅಂದುಕೊಂಡ ಕಡಲು ಮತ್ತೆ ಕೈತಪ್ಪಿತಲ್ಲ ಎಂಬ ಸಂಕಟ.

ಹುಡುಗಿ ಬಿಡಲಿಲ್ಲ. ಜಿಂಕ್ ಇರುವ ಕ್ರೀಮ್ ಕೊಳ್ಳಬೇಕಂತೆ, ಅದು ಚರ್ಮದ ಮೇಲೇ ಕೂತು ಬಿಸಿಲನ್ನು ತಡೆಯುತ್ತದಂತೆ. "ರೀಫ್ ಸೇಫ್", ಅಂದರೆ ಹವಳಕ್ಕೆ ಹಾನಿಯಿಲ್ಲ, ಎಂದು ಮುಂದುಗಡೆ ಯಾರು ಬೇಕಾದರೂ ಅಚ್ಚು ಹಾಕಬಹುದು, ಹಿಂದುಗಡೆ ಓದದೆ ಕೊಳ್ಳಬೇಡಿ ಎಂದಳು. ಜಿಂಕ್ ಕೂಡ ಕಡಲಿಗೆ ಪೂರಾ ನಿರಪಾಯವೆಂದು ಹೇಳಲಾಗದು, ಹಾಗಾಗಿ ಮೈತುಂಬಾ ಬಟ್ಟೆ ಹಾಕಿಕೊಂಡು ಮುಖಕ್ಕೂ ಕೈಗೂ ಮಾತ್ರ ಹಚ್ಚಿಕೊಳ್ಳಿ ಎಂದಳು. ನನ್ನ ಚರ್ಮದ ಡಾಕ್ಟರನ್ನು ಕೇಳಿದರೆ, "ನಿಮ್ಮ ಚರ್ಮಕ್ಕೂ ಅದು ಒಳ್ಳೇದೇ ಕಣಮ್ಮ" ಎಂದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವರು ಅದನ್ನು ತರಿಸಿಕೊಡಲು ಹತ್ತು ದಿನ ತೆಗೆದುಕೊಂಡರು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಟ್ಯೂಬೇ ಇಲ್ಲ. ಚೀಲ, ಬೀರು, ಹಾಸಿಗೆ ಕೆಳಗೆ ಎಲ್ಲ ಜಾಲಾಡಿದೆ. ಇನ್ನೊಂದು ತರಿಸಲು ಹೊತ್ತಿಲ್ಲ, ಹಳೆಯದು ಹಚ್ಚಲು ಮನಸ್ಸಿಲ್ಲ. ನನ್ನ ಗಂಡನ ತಾಯಿ ಮಾತ್ರ ಅಡುಗೆಮನೆಯಲ್ಲಿ ತುಟಿ ಬಿಗಿದು ಹುರುಳಿಕಾಯಿ ಮುರಿಯುತ್ತಿದ್ದರು. ಅವರು ಗುಂಡ್ಲುಪೇಟೆ ಕಡೆಯ ಕಾಡಂಚಿನವರು.

"ಅತ್ತೆ, ನನ್ನ ಕ್ರೀಮ್ ನೋಡಿದ್ರಾ?"

"ನಾನೇ ಮಡಗಿವ್ನಿ. ಜಿಂಕೆ ಕೊಬ್ಬು ಹಚ್ಕೊಂಡು ಊರೂರು ತಿರುಗ್ತೀಯಾ? ಪಾರೆಸ್ಟ್‌ನೋರು ಇಡ್ಕೊಂಡೋಗ್ಬುಡ್ತಾರೆ ಕಣವ್ವ!"

"ಜಿಂಕೆ ಅಲ್ಲ ಅತ್ತೆ, ಜಿಂಕ್! ಜಿಂಕ್ ಅಂದ್ರೆ ಸತು."

"ಸತ್ತಿದ್ದೋ ಬದುಕಿದ್ದೋ, ಜಿಂಕೆ ಜಿಂಕೆನೇ!"

ನಗು ತಡೆಯಲಾಗದೆ ನೆಲಕ್ಕೆ ಕುಸಿದೆ. ಪಾಪ, ಸೊಸೆ ಜೈಲಿಗೆ ಹೋಗಬಾರದೆಂದು ಅವರು ಎರಡು ದಿನದಿಂದ ಒಬ್ಬರೇ ಕಂಗಾಲಾಗಿದ್ದರು. ಸತುವೆಂದರೆ ಒಂದು ಲೋಹ ಎಂದು ತಿಳಿಸಿ ಹೇಳುವುದರೊಳಗೆ ಅರ್ಧ ಗಂಟೆಯಾಯಿತು. ಕೊನೆಗೆ ರಾಗಿಹಿಟ್ಟಿನ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಟ್ಯೂಬ್ ತೆಗೆದುಕೊಟ್ಟರು. "ಮೊದ್ಲೇ ಯೋಳೋಕೇನಾಗಿತ್ತು ನಿಂಗೆ?" ಎಂದು ನನಗೇ ಬೈದರು.

ಮುರ್ಡೇಶ್ವರದಲ್ಲಿ ದೋಣಿ ಹತ್ತಿದವರು ಎಂಟು ಮಂದಿ. ನಾನು ಎಂದಿನಂತೆ ಮೂಲೆ ಹಿಡಿದು ಕೂತೆ. ತಂಗಿಯ ಮಗಳು ಕಡಲಿನ ಪಾಠವನ್ನು ಎಲ್ಲರಿಗೂ ಇನ್ನೊಮ್ಮೆ ಹೇಳಿ, ಅಂಥದೇ ಕ್ರೀಮನ್ನು ಕೈಯಿಂದ ಕೈಗೆ ದಾಟಿಸಿದಳು. ಗಟ್ಟಿ ಮೊಸರಿನಂಥ ಕ್ರೀಮ್, ಎಷ್ಟು ತಿಕ್ಕಿದರೂ ಬೆಳ್ಳಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ದೋಣಿಯಲ್ಲಿದ್ದವರೆಲ್ಲರ ಮುಖ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕಂದು. ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರು. ನಾನೂ ನಕ್ಕೆ.

ಪಕ್ಕದಲ್ಲಿ ನನಗೆ ಗುರುತಿಲ್ಲದ ಒಬ್ಬ ಹೆಂಗಸು ಕೂತಿದ್ದರು. ನನ್ನ ಮುಖವನ್ನೇ ದಿಟ್ಟಿಸಿದರು. ಶುರುವಾಯಿತಪ್ಪ, ಇನ್ನು "ಯಾವಾಗಿಂದ ಇದೆ?" ಎಂದು ಕೇಳುತ್ತಾರೆ ಎಂದು ಮೈ ಗಟ್ಟಿ ಮಾಡಿಕೊಂಡೆ.

"ನೀವು ಸರಿಯಾಗಿ ಹಚ್ಕೊಂಡೇ ಇಲ್ವಲ್ರೀ. ಇಲ್ಲಿ ಬಿಟ್ಟೋಗಿದೆ ನೋಡಿ," ಎಂದರು. ನನ್ನ ಕೆನ್ನೆಯಲ್ಲಿ ಉಳಿದಿದ್ದ ಕಂದು ಜಾಗಕ್ಕೆ ತಮ್ಮ ಬೆರಳಿಂದಲೇ ಕ್ರೀಮ್ ಸವರಿದರು. ತೊನ್ನು ಬಂದ ಮೇಲೆ ಡಾಕ್ಟರನ್ನು ಬಿಟ್ಟು ಹೊರಗಿನವರು ಯಾರೂ ನನ್ನ ಮುಖ ಮುಟ್ಟಿರಲಿಲ್ಲ. ಬಿಳಿ ಜಾಗದ ಮೇಲೂ ಒಮ್ಮೆ ಬೆರಳಾಡಿಸಿ, "ಈಗ ಸರಿಹೋಯ್ತು, ಬನ್ನಿ ಇಳಿಯೋಣ" ಎಂದು ನನ್ನ ಕೈ ಹಿಡಿದುಕೊಂಡರು.